ರಕ್ತದ ಕಲೆಗೆ ತಣ್ಣೀರೇ ಏಕೆ?

ಚಳಿಗಾಲದ ಒಂದು ಬೆಳಗು. ನೀವು ಗೋಕಾಕ ತಾಲ್ಲೂಕಿನ ಅಂಕಲಗಿಯ ಒಂದು ಮನೆಯಲ್ಲಿದ್ದೀರಿ ಎಂದುಕೊಳ್ಳಿ. ಹಿತ್ತಲಿನ ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯುತ್ತಿದೆ. ನಿನ್ನೆ ಸಂಜೆ ಕಬಡ್ಡಿ ಆಡುವಾಗ ಮೊಣಕೈ ತರಚಿ ಸಮವಸ್ತ್ರಕ್ಕೆ ರಕ್ತ ಹತ್ತಿತ್ತು. ಅಥವಾ ಕಬ್ಬಿನ ಹೊಲದಿಂದ ಬಂದ ಅಪ್ಪನ ಅಂಗಿಯ ತೋಳಿಗೆ ಕುಡುಗೋಲಿನ ಗಾಯದ ರಕ್ತ ತಾಗಿತ್ತು. ನೀವು ಹುಡುಗಿಯಾಗಿದ್ದರೆ, ಲೆಕ್ಕಕ್ಕಿಂತ ಎರಡು ದಿನ ಮೊದಲೇ ಮುಟ್ಟು ಬಂದು ಲಂಗಕ್ಕೆ ಕಲೆಯಾಗಿತ್ತು. ರಾತ್ರಿ ಅದನ್ನು ಯಾರಿಗೂ ಹೇಳದೆ ಮಡಚಿ ಇಟ್ಟಿರಿ. ಬೆಳಗಾಗುವಷ್ಟರಲ್ಲಿ ಕೆಂಪು ಕಲೆ ಕಂದು ಬಣ್ಣಕ್ಕೆ ತಿರುಗಿದೆ, ಬಟ್ಟೆ ಅಲ್ಲಿ ಹಪ್ಪಳದ ಹಾಗೆ ಬಿರುಸಾಗಿದೆ. ಶಾಲೆಗೆ ಹೊತ್ತಾಯಿತು. ಅವಸರದಲ್ಲಿ ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತೋಡಿ ಕಲೆಯ ಮೇಲೆ ಸುರಿದು, ಸಬಕಾರ ಹಚ್ಚಿ ತಿಕ್ಕುತ್ತೀರಿ.

ಕಲೆ ಹೋಗುವುದಿಲ್ಲ. ಮಾತ್ರವಲ್ಲ, ಸುಲಭವಾಗಿ ಹೋಗಬಹುದಾಗಿದ್ದ ಕಲೆಯನ್ನು ನೀವೇ ಬಟ್ಟೆಗೆ ಬೇಯಿಸಿ ಅಂಟಿಸಿಬಿಟ್ಟಿರಿ.

"ಬೇಯಿಸಿ" ಎಂದದ್ದು ಬರೀ ಮಾತಿನ ಅಲಂಕಾರವಲ್ಲ. ಕೋಳಿಮೊಟ್ಟೆಯ ಬಿಳಿಭಾಗವನ್ನು ನೋಡಿ. ಹಸಿಯಾಗಿದ್ದಾಗ ಅದು ತಣ್ಣೀರಿನಲ್ಲಿ ತೊಳೆದರೆ ಜಾರಿಹೋಗುತ್ತದೆ. ಬೆಂದ ಮೇಲೆ ಎಷ್ಟು ನೀರು ಹಾಕಿದರೂ ಮತ್ತೆ ಕರಗದು. ಏಕೆಂದರೆ ಅದು ಪ್ರೋಟೀನು. ಪ್ರೋಟೀನಿನ ಅಣುಗಳು ನೂಲಿನ ಉಂಡೆಗಳಂತೆ ಸುತ್ತಿಕೊಂಡಿರುತ್ತವೆ. ಕಾವು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಂಡೆಗಳು ಬಿಚ್ಚಿಕೊಂಡು, ಒಂದರೊಡನೊಂದು ಸಿಕ್ಕುಹಾಕಿಕೊಂಡು ಗಟ್ಟಿಯಾಗುತ್ತವೆ. ರಕ್ತವೂ ಬಹುಮಟ್ಟಿಗೆ ನೀರು ಮತ್ತು ಪ್ರೋಟೀನು. ಬಟ್ಟೆಯ ಎಳೆಗಳ ನಡುವೆ ನುಗ್ಗಿ ಕುಳಿತ ಪ್ರೋಟೀನು ಅಲ್ಲೇ ಬೆಂದರೆ ಅದನ್ನು ಹೊರಗೆ ತೆಗೆಯುವುದು ಹೇಗೆ? ಇಸ್ತ್ರಿಪೆಟ್ಟಿಗೆಯೂ ಇದೇ ಕೆಲಸ ಮಾಡುತ್ತದೆ. ಬಟ್ಟೆಗಳಿಗೆ ಸೋಡಾ ಹಾಕಿ ಹಬೆಯಲ್ಲಿ ಬೇಯಿಸುವ ಉಬ್ಬೆಯೂ ಅಷ್ಟೇ. ಮಣ್ಣಿನ ಕೊಳೆಗೂ ಎಣ್ಣೆಯ ಜಿಡ್ಡಿಗೂ ಬಿಸಿನೀರು ಒಳ್ಳೆಯದು. ಅದೇ ಅಭ್ಯಾಸವನ್ನು ರಕ್ತದ ಕಲೆಗೂ ತಂದಾಗ ಎಡವುತ್ತೇವೆ.

ಇನ್ನು ಬಣ್ಣದ ವಿಷಯ. ಒಂದು ಹನಿ ರಕ್ತದಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ಕೆಂಪು ಕಣಗಳಿರುತ್ತವೆ. ಅವುಗಳೊಳಗಿನ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಪ್ರತಿ ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳು. ದೇಹದೊಳಗೆ ಆಮ್ಲಜನಕವನ್ನು ಹಿಡಿದು ಬಿಡುವ ಈ ಕಬ್ಬಿಣ, ಹೊರಗೆ ಬಂದು ಒಣಗುತ್ತಿದ್ದಂತೆ ಗಾಳಿಯಲ್ಲಿ ಉತ್ಕರ್ಷಣಗೊಂಡು ಬೇರೆ ರೂಪಕ್ಕೆ ತಿರುಗುತ್ತದೆ. ಕೆಂಪು ಕಂದಾಗುವುದು ಇದರಿಂದ. ಜೊತೆಗೆ ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಎಳೆಗಳ ಬಲೆ ಹುಟ್ಟಿ ಎಲ್ಲವನ್ನೂ ಹಿಡಿದಿಡುತ್ತದೆ. ಗಾಯಕ್ಕೆ ಇದು ವರ, ಅಂಗಿಗೆ ತೊಂದರೆ. ಹಸಿ ಕಲೆ ಎರಡು ನಿಮಿಷದಲ್ಲಿ ಹೋದರೆ ಒಣಗಿದ್ದಕ್ಕೆ ಒಂದು ರಾತ್ರಿ ಬೇಕಾಗುವುದು ಈ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು? ಮೊದಲು ಒಣಗಿದ ಹಕ್ಕಳೆಯನ್ನು ಉಗುರಿನಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ಮೆಲ್ಲಗೆ ಉದುರಿಸಿ. ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಯಿಂದ ತಣ್ಣೀರು ಹಾಯಿಸಿ. ಮುಂದಿನಿಂದ ಹಾಯಿಸಿದರೆ ರಕ್ತ ಇನ್ನೂ ಒಳಕ್ಕೆ ಇಳಿಯುತ್ತದೆ. ಆಮೇಲೆ ಬಕೀಟಿನ ತಣ್ಣೀರಿನಲ್ಲಿ ನೆನೆಹಾಕಿ. ನೀರು ಕೆಂಪಾದರೆ ಚೆಲ್ಲಿ, ಹೊಸ ನೀರು ಹಾಕಿ. ಕೆಲವು ಗಂಟೆ ಸಾಕಾಗದಿದ್ದರೆ ರಾತ್ರಿಯಿಡೀ ಇರಲಿ. ಉಪ್ಪು ಹಾಕಬೇಕೆಂದು ಹಲವರು ಹೇಳುತ್ತಾರೆ. ಕೆಲವು ಪ್ರೋಟೀನುಗಳು ಕರಗಲು ಉಪ್ಪು ತುಸು ನೆರವಾಗುವುದು ನಿಜ. ಆದರೆ ಉಪ್ಪು ಇಲ್ಲವೆಂದು ಕಾಯುತ್ತ ಕೂರಬೇಡಿ. ಇಲ್ಲಿ ಕೆಲಸ ಮಾಡುವುದು ನೀರು ಮತ್ತು ಸಮಯ. ನೆನೆದ ಮೇಲಷ್ಟೇ ಸಬಕಾರ ಹಚ್ಚಿ ತಿಕ್ಕಿ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಬೇಡ.

ನೀರಿನ ಗುಣವನ್ನೂ ಗಮನಿಸಬೇಕು. ನಮ್ಮ ಅನೇಕ ಹಳ್ಳಿಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಲವಣಗಳು ಸಬಕಾರದೊಂದಿಗೆ ಸೇರಿ ಬೂದುಬಣ್ಣದ ಗಷ್ಟಾಗುತ್ತವೆ. ನೊರೆ ಬರುವುದಿಲ್ಲ, ಗಷ್ಟು ಕಲೆಯ ಮೇಲೆಯೇ ಕೂರುತ್ತದೆ. ನಿಮ್ಮ ಮನೆಯ ನೀರಿನಲ್ಲಿ ನೊರೆ ಏಳದಿದ್ದರೆ ಈ ಕೆಲಸಕ್ಕೆ ಮಳೆನೀರನ್ನೋ ಹೊಳೆಯ ನೀರನ್ನೋ ಬಳಸಿ. ಇಲ್ಲವಾದರೆ ಚಿಟಿಕೆ ಬಟ್ಟೆಸೋಡಾ ಬೆರೆಸಿ.

ಇಷ್ಟಕ್ಕೂ ಬಗ್ಗದ ಹಳೆಯ ಕಲೆಗೆ ನಿಮ್ಮ ಹೊಟ್ಟೆಯಲ್ಲೇ ಒಂದು ಉಪಾಯವಿದೆ! ನಾವು ತಿಂದ ಬೇಳೆಯ ಪ್ರೋಟೀನನ್ನು ಕತ್ತರಿಸುವುದು ಮೇದೋಜೀರಕ ಗ್ರಂಥಿಯ ಕಿಣ್ವಗಳು. ಅವೇ ಕಿಣ್ವಗಳು ಕಲೆಯ ಪ್ರೋಟೀನನ್ನೂ ಕತ್ತರಿಸಬಾರದೇಕೆ ಎಂದು ಕೇಳಿದವನು ಜರ್ಮನಿಯ ಒಟ್ಟೊ ರೋಮ್. ಚರ್ಮ ಹದ ಮಾಡಲು ಆಗ ನಾಯಿಯ ಮಲ ಬಳಸುತ್ತಿದ್ದರು. ಆ ಅಸಹ್ಯದ ಬದಲು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಳಕೆಗೆ ತಂದವನೇ ಆತ. 1913ರಲ್ಲಿ ಅದೇ ಕಿಣ್ವವನ್ನು ಬಟ್ಟೆ ಒಗೆಯುವ ಪುಡಿಗೆ ಬೆರೆಸುವುದಕ್ಕೆ ಪೇಟೆಂಟು ಪಡೆದ. ಆದರೆ ಸೋಡಾದ ಕ್ಷಾರದಲ್ಲಿ ಆ ಕಿಣ್ವ ಸೊರಗುತ್ತಿತ್ತು. ಕ್ಷಾರಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮೂಲದ ಕಿಣ್ವಗಳು ಬಂದ ಮೇಲೆ, 1960ರ ದಶಕದಲ್ಲಿ, ಇಂಥ ಪುಡಿಗಳು ಹರಡಿದವು. ಇಂದು ಅಂಗಡಿಯಲ್ಲಿ ಸಿಗುವ ಕೆಲವು ಪುಡಿಗಳ ಪೊಟ್ಟಣದ ಮೇಲೆ ಕಿಣ್ವದ ಹೆಸರು ಅಚ್ಚಾಗಿರುತ್ತದೆ, ಓದಿ ನೋಡಿ. ಅಂಥ ಪುಡಿಯನ್ನು ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಕಲಸಿ ಬಟ್ಟೆಯನ್ನು ಒಂದೆರಡು ಗಂಟೆ ನೆನೆಯಲು ಬಿಡಿ. ಕುದಿಯುವ ನೀರು ಇಲ್ಲೂ ಬೇಡ. ಕಿಣ್ವವೂ ಒಂದು ಪ್ರೋಟೀನೇ, ಬೆಂದರೆ ಸತ್ತಂತೆ.

ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಇನ್ನೊಂದು ದಾರಿ. ರಕ್ತಕ್ಕೆ ತಾಗಿದೊಡನೆ ಅದು ಬುಸಬುಸನೆ ನೊರೆಯುಗುಳುತ್ತದೆ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಒಡೆದು ಆಮ್ಲಜನಕವನ್ನು ಹೊರಬಿಡುವುದರಿಂದ ಹೀಗಾಗುತ್ತದೆ. ನೋಡಲು ಬಲು ಚೆಂದ. ಆದರೆ ಎಚ್ಚರ: ಇದು ಬಣ್ಣವನ್ನೂ ತಿನ್ನುತ್ತದೆ. ಶೇಕಡಾ 6ರ ದ್ರಾವಣವಿದ್ದರೆ ಅಷ್ಟೇ ನೀರು ಬೆರೆಸಿ, ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ ನೋಡಿ, ಬಿಳಿ ಹತ್ತಿ ಬಟ್ಟೆಗೆ ಮಾತ್ರ ಬಳಸಿ. ಹೆಚ್ಚು ಹೊತ್ತು ಬಿಡಬೇಡಿ. ಕಬ್ಬಿಣದ ಜೊತೆ ಸೇರಿದ ಪೆರಾಕ್ಸೈಡ್ ಹತ್ತಿಯ ಎಳೆಯನ್ನೇ ಸವೆಸಬಲ್ಲದು.

ಹತ್ತಿ ಮೂಲತಃ ಸೆಲ್ಯುಲೋಸ್, ಅಂದರೆ ಗಿಡದ ನಾರು. ಪ್ರೋಟೀನನ್ನು ಕತ್ತರಿಸುವ ಕಿಣ್ವ ಅದನ್ನು ಮುಟ್ಟುವುದಿಲ್ಲ. ರೇಷ್ಮೆ ಮತ್ತು ಉಣ್ಣೆಯ ಸಂಗತಿ ಬೇರೆ. ಅವೂ ರಕ್ತದಂತೆಯೇ ಪ್ರೋಟೀನುಗಳು! ಕಲೆಯನ್ನು ತಿನ್ನಲು ಹಾಕಿದ ಕಿಣ್ವ ಅಮ್ಮನ ಇಳಕಲ್ ಸೀರೆಯ ರೇಷ್ಮೆ ಸೆರಗನ್ನೂ ತಿನ್ನಬಹುದು. ಅದಕ್ಕೆ ತಣ್ಣೀರು, ಸ್ವಲ್ಪ ಅಂಟವಾಳದ ನೊರೆ, ಒತ್ತಿ ತೆಗೆಯುವ ತಾಳ್ಮೆ, ಇಷ್ಟೇ. ಅಜ್ಜನ ಕಂಬಳಿಗೂ ಇದೇ ನಿಯಮ. ತಿಕ್ಕಿದರೆ ಉಣ್ಣೆ ಮುದುಡಿ ಗಂಟುಗಟ್ಟುತ್ತದೆ.

ನಡುವೆ ಒಂದು ತಮಾಷೆ ಹೇಳುತ್ತೇನೆ. ಹಳದಿ ಕಲೆಯ ಮೇಲೆ ಸಬಕಾರ ಹಚ್ಚಿದಾಗ ಅದು ರಕ್ತದಂತೆ ಕೆಂಪಾಗುವುದನ್ನು ಕಂಡು ಬೆಚ್ಚಿದ್ದೀರಾ? ಅದು ರಕ್ತವಲ್ಲ, ಅರಿಷಿಣ. ಅದರ ಬಣ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗಿ, ಚೆನ್ನಾಗಿ ಜಾಲಿಸಿದ ಮೇಲೆ ಮತ್ತೆ ಹಳದಿಯಾಗುತ್ತದೆ. ಅದಕ್ಕೆ ಬಿಸಿಲೇ ಔಷಧ. ನಿಮ್ಮ ರಸಾಯನಶಾಸ್ತ್ರದ ತರಗತಿಯಲ್ಲಿ ಲಿಟ್ಮಸ್ ಮುಗಿದಿದ್ದರೆ ಅರಿಷಿಣ ಬಳಿದ ಕಾಗದ ಅದರ ಜಾಗದಲ್ಲಿ ನಿಲ್ಲಬಲ್ಲದು.

ಬೇರೆಯವರ ರಕ್ತವಾದರೆ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ಸು ಏಳು ದಿನ ಉಳಿಯಬಲ್ಲದು.

ಈಗ ಕೊನೆಗೆ ಇಟ್ಟುಕೊಂಡ ಮಾತು. ಇದನ್ನು ಓದುತ್ತಿರುವ ಹುಡುಗಿಯರಲ್ಲಿ ಹಲವರಿಗೆ ರಕ್ತದ ಕಲೆ ಎಂದರೆ ಕಬಡ್ಡಿಯ ಗಾಯವಲ್ಲ, ತಿಂಗಳ ಲೆಕ್ಕ. ಲಂಗದ ಮೇಲೆ ಕಲೆ ಕಂಡೀತೆಂಬ ಹೆದರಿಕೆಗೇ ಶಾಲೆ ತಪ್ಪಿಸುವವರಿದ್ದಾರೆ. ಕರ್ನಾಟಕ ಸರ್ಕಾರ 2013-14ರಲ್ಲಿ ಶುಚಿ ಯೋಜನೆಯಡಿ ಹದಿಹರೆಯದ ಹುಡುಗಿಯರಿಗೆ ಪ್ಯಾಡ್ ಹಂಚಲು ತೊಡಗಿದ್ದು ಇಂಥವರಿಗಾಗಿಯೇ. ಆದರೂ ಬಟ್ಟೆಯನ್ನೇ ಬಳಸುವ ಮನೆಗಳು ಬಹಳ. ಬಟ್ಟೆ ಬಳಸುವುದು ತಪ್ಪಲ್ಲ. ತೊಂದರೆ ಆಗುವುದು ಅದನ್ನು ಅವಸರದಲ್ಲಿ ಒಗೆದು, ಯಾರೂ ಕಾಣಬಾರದೆಂದು ಅಟ್ಟದ ಮೂಲೆಯಲ್ಲೋ ಬೇರೆ ಬಟ್ಟೆಯ ಅಡಿಯಲ್ಲೋ ಒಣಗಿಸಿದಾಗ. ಅರೆಹಸಿಯಾಗಿ ಉಳಿದ ಬಟ್ಟೆ ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಮನೆ. ಅದನ್ನೇ ಮತ್ತೆ ಬಳಸಿದರೆ ತುರಿಕೆ, ಸೋಂಕು.

ಕಣ್ಣಿಗೆ ಕಾಣುವ ಕಲೆಗೂ ಬಟ್ಟೆಯ ಶುಚಿಗೂ ನೇರ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ತಣ್ಣೀರಿನಲ್ಲಿ ನೆನೆಸಿ, ಸಬಕಾರದಿಂದ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿದ ಬಟ್ಟೆಯ ಮೇಲೆ ಮಸುಕಾದ ಕಂದು ಗುರುತು ಉಳಿದಿದ್ದರೂ ಅದು ಶುಚಿಯಾದ ಬಟ್ಟೆಯೇ. ರಕ್ತ ಪೂರ್ತಿ ಬಿಟ್ಟ ಮೇಲೆ ಬೇಕಾದರೆ ಕುದಿನೀರಿನಲ್ಲಿ ಅದ್ದಿ ತೆಗೆಯಿರಿ, ಆಗ ಬಿಸಿನೀರು ಒಳ್ಳೆಯದನ್ನೇ ಮಾಡುತ್ತದೆ. ಆಮೇಲೆ ಹೊತ್ತು ನೆತ್ತಿಗೇರುವ ಮೊದಲೇ ಹಿತ್ತಲಿನ ತಂತಿಯ ಮೇಲೆ, ಅಪ್ಪನ ಧೋತರದ ಪಕ್ಕದಲ್ಲಿ, ಅಗಲವಾಗಿ ಹರವಿ.