ಇಪ್ಪತ್ತು ಸೆಂಟಿಮೀಟರಿನ ಆಲ್ಕೊ

ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಹಾದಿಗೆ ತಂತಿ ಎಳೆದು ಮುಗಿಸಿ, ಬೆಂಗಳೂರಿನ ಸಮಾರಂಭದಲ್ಲಿ ಲೋಕಾರ್ಪಣೆ ಮಾಡಿದ್ದು 2022ರ ಜೂನ್ 20ರಂದು. ಇವೆರಡರ ನಡುವಿನ ಇಪ್ಪತ್ತನಾಲ್ಕು ವರ್ಷವೇ ಹೊನ್ನಾವರದ ಬಳಿಯ ಹಳದೀಪುರದ ಕಡೆಯವರ ಪಾಲಿಗೆ ಡೀಸೆಲ್ ಎಂಜಿನ್ನಿನ ಕಾಲ. ಘಟ್ಟದ ಮೇಲಿನವರ ಅಜ್ಜಂದಿರು ಉಗಿಬಂಡಿ ನೋಡಿದ್ದರು, ಮಕ್ಕಳು ಡೀಸೆಲ್ ನೋಡಿದರು, ಮೊಮ್ಮಕ್ಕಳು ಕರೆಂಟಿನ ಎಂಜಿನ್ ನೋಡುತ್ತಿದ್ದಾರೆ. ಕುಮಟಾ–ಹೊನ್ನಾವರದ ನಡುವೆ ಉಗಿಬಂಡಿಯ ಅಧ್ಯಾಯವೇ ಇಲ್ಲ. ಇಲ್ಲಿ ರೈಲು ಎಂದರೆ ಮೊದಲಿನಿಂದಲೂ ಹೊಗೆ ಉಗುಳುವ, ನಿಂತಲ್ಲೇ ಗುಡುಗುಡು ಎನ್ನುವ ಆಲ್ಕೊ ಡೀಸೆಲ್ ಎಂಜಿನ್.

ಆ ಆಲ್ಕೊವನ್ನು ಮೇಜಿನ ಮೇಲೆ ಓಡುವಂತೆ ಚಿಕ್ಕದಾಗಿ ಕಟ್ಟುವ ಒಂದು ಕಸುಬಿದೆ. ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಬಲ್ಲವರೂ ‘ಆಟಿಕೆ ಮಾಡ್ತಾನಂತೆ’ ಎಂಬ ಮಾತಿಗೆ ಹೆದರಿ ಸುಮ್ಮನಿರುವುದೇ ಹೆಚ್ಚು. ಕಸುಬಿನ ಹೆಸರು ಕನ್ವರ್ಶನ್ ಕಿಟ್. ಅಂಗಡಿಯಲ್ಲಿ ಸಿಗುವ, ಓಡುವ ಮಾದರಿ ಎಂಜಿನ್ನೊಂದನ್ನು ಕೊಳ್ಳುವುದು; ಅದರ ಮೈ ಕಳಚಿ ಬದಿಗಿಡುವುದು; ಮೋಟಾರು, ಗಿಯರು, ಗಾಲಿಗಳಿರುವ ಷಾಸಿಯ ಮೇಲೆ ನಮಗೆ ಬೇಕಾದ ಎಂಜಿನ್ನಿನ ಮೈ ಕೂರಿಸುವುದು. ಆ ಹೊಸ ಮೈ, ಅದರ ಕಂಬಿ, ಜಾಲರಿ, ಮೆಟ್ಟಿಲು, ಅಕ್ಷರದ ಹಾಳೆ, ಜೋಡಿಸುವ ಕ್ರಮದ ಚೀಟಿ, ಎಲ್ಲ ಸೇರಿ ಒಂದು ಪೆಟ್ಟಿಗೆಯಲ್ಲಿ ಬಂದರೆ ಅದೇ ಕಿಟ್. ಭಾರತದ ಎಂಜಿನ್ನುಗಳ ಮಾದರಿಗಳನ್ನು ದೊಡ್ಡ ವಿದೇಶಿ ಕಂಪನಿಗಳು ಮಾಡುವುದು ಅಪರೂಪವಾದ್ದರಿಂದ ನಮಗೆ ಉಳಿದ ದಾರಿ ಹೆಚ್ಚಾಗಿ ಇದೇ.

ಲೆಕ್ಕ ಶುರುವಾಗುವುದು ಅಳತೆಯಿಂದ. ಮಾದರಿ ರೈಲಿನ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂಬ ಅಳತೆ. ನಿಜವಾದದ್ದನ್ನು 87ರಿಂದ ಭಾಗಿಸಿದರೆ ಅದು ಬರುತ್ತದೆ. ನಾವು ಆಲ್ಕೊ ಎಂದು ಕರೆಯುವ ಡಬ್ಲ್ಯುಡಿಎಂ-2 ಬಫರಿನಿಂದ ಬಫರಿಗೆ 17,120 ಮಿ.ಮೀ. ಉದ್ದ, 2,864 ಮಿ.ಮೀ. ಅಗಲ. ಭಾಗಿಸಿದರೆ 197 ಮಿ.ಮೀ. ಉದ್ದ, 33 ಮಿ.ಮೀ. ಅಗಲ. 2,600 ಅಶ್ವಶಕ್ತಿಯ, ನೂರಾ ಹನ್ನೆರಡು ಟನ್ನಿಗೂ ಮೀರಿದ ಯಂತ್ರ ಅಂಗೈ ಮೇಲೆ ಬಂದು ಕೂರುತ್ತದೆ. ಇನ್ನೂ ಚಿಕ್ಕದು ಬೇಕೆನ್ನುವವರಿಗೆ 1:160ರ ‘ಎನ್’ ಅಳತೆಯಿದೆ. ಅದರಲ್ಲಿ ಇದೇ ಎಂಜಿನ್ 107 ಮಿ.ಮೀ. ಮಾತ್ರ. ಆದರೆ ಎಂಜಿನ್ ಪುಟ್ಟದಾಯಿತೆಂದು ಊರೂ ಪುಟ್ಟದಾಗುತ್ತದೆ ಎಂದುಕೊಳ್ಳಬೇಡಿ. ಹೊನ್ನಾವರದ ಶರಾವತಿ ಸೇತುವೆ ಕೊಂಕಣ ರೈಲಿನಲ್ಲೇ ಅತಿ ಉದ್ದದ್ದು, 2,065 ಮೀಟರು. ಎಚ್‌ಒದಲ್ಲಿ ಅದನ್ನು ಕಟ್ಟಹೊರಟರೆ ಹತ್ತಿರ ಹತ್ತಿರ 24 ಮೀಟರು ಬೇಕು. ಯಾವ ಮನೆಯ ಜಗುಲಿಯೂ ಸಾಲುವುದಿಲ್ಲ.

ಭಾರತದ ಎಂಜಿನ್ ಮಾಡಹೊರಟವನಿಗೆ ದೊಡ್ಡ ತೊಡಕು ಹಳಿಯದ್ದು. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಯುರೋಪು, ಅಮೆರಿಕದ 1,435 ಮಿ.ಮೀ. ಗೇಜಿಗೆ ಅದು ಸರಿ. ನಮ್ಮ ಬ್ರಾಡ್‌ಗೇಜು 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3. ಎಂದರೆ ಸಿದ್ಧ ಷಾಸಿಯಲ್ಲಿ ಎಡಬಲದ ಗಾಲಿಗಳ ನಡುವಿನ ಅಂತರ ಇರಬೇಕಾದುದಕ್ಕಿಂತ ಸುಮಾರು 3 ಮಿ.ಮೀ. ಕಡಿಮೆ. ಮುಂದಿನಿಂದ ನೋಡಿದರೆ ಅಗಲವಾದ ಮೈಯ ಕೆಳಗೆ ಗಾಲಿಗಳು ಕಾಲು ಕೂಡಿಸಿ ನಿಂತಂತೆ ಕಾಣುತ್ತವೆ. ಇದನ್ನು ಸರಿಪಡಿಸಬೇಕೆಂದರೆ ಹೊಸ ಆಕ್ಸಲ್, ಹೊಸ ಹಳಿ, ಹೊಸ ಕವಲುಹಳಿ ಎಲ್ಲವನ್ನೂ ಕೈಯಾರೆ ಮಾಡಬೇಕು, ಮತ್ತು ಆ ಎಂಜಿನ್ ಬೇರೆ ಯಾರ ಹಳಿಯ ಮೇಲೂ ಓಡದು. ಹೆಚ್ಚಿನವರು 16.5ಕ್ಕೇ ಒಪ್ಪಿಕೊಳ್ಳುತ್ತಾರೆ. ಹಟವಾದಿಗಳು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಒಪ್ಪಿಕೊಂಡವರೇ ಜಾಣರು. ಪಕ್ಕದಿಂದ ನೋಡುವ ಕಣ್ಣಿಗೆ ಆ 3 ಮಿ.ಮೀ. ಬೀಳುವುದೇ ಇಲ್ಲ, ನಾವು ರೈಲನ್ನು ನೋಡುವುದು ಹೆಚ್ಚಾಗಿ ಪಕ್ಕದಿಂದಲೇ.

ಪಕ್ಕದಿಂದ ಎದ್ದು ಕಾಣುವುದು ಬೋಗಿ. ಬೋಗಿ ಎಂದರೆ ಇಲ್ಲಿ ಜನ ಕೂರುವ ಡಬ್ಬಿಯಲ್ಲ. ಮೂರು ಜೊತೆ ಗಾಲಿಗಳನ್ನು ಹಿಡಿದಿರುವ ಕೆಳಗಿನ ಉಕ್ಕಿನ ಚೌಕಟ್ಟು. ಡಬ್ಲ್ಯುಡಿಎಂ-2ರ ಬೋಗಿಯಲ್ಲಿ ಮೂರು ಆಕ್ಸಲ್‌ಗಳು ಸಮ ಅಂತರದಲ್ಲಿಲ್ಲ. ಎರಡು ಹತ್ತಿರ, ಒಂದು ದೂರ. ಟ್ರೈಮೌಂಟ್ ಎಂಬ ಈ ವಿನ್ಯಾಸ ಅಮೆರಿಕದ ಆಲ್ಕೊ ಕಂಪನಿಯದು. 1962ರಲ್ಲಿ ಮೊದಲ ಎಂಜಿನ್ನುಗಳು ಬಂದದ್ದೂ ಅಲ್ಲಿಂದಲೇ; 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಿ ನಡೆಯಿತು. ಆದ್ದರಿಂದ ಷಾಸಿಗಾಗಿ ಹುಡುಕುವಾಗ ಅಮೆರಿಕದ ಅಣ್ಣತಮ್ಮಂದಿರ ಮಾದರಿಗಳ ಕಡೆ ಕೈ ಹೋಗುತ್ತದೆ. ಆರ್‌ಎಸ್‌ಡಿ-15 ಎಂಬ ಎಂಜಿನ್ನಿಗೂ ಟ್ರೈಮೌಂಟ್ ಬೋಗಿಯೇ. ಆದರೆ ಅದು ನಮ್ಮದಕ್ಕಿಂತ ಉದ್ದ. ಷಾಸಿಯನ್ನು ನಡುವೆ ಕತ್ತರಿಸಿ, ಕುಗ್ಗಿಸಿ, ಮೋಟಾರಿನಿಂದ ಗಿಯರಿಗೆ ಹೋಗುವ ಕಡ್ಡಿಯನ್ನೂ ಗಿಡ್ಡ ಮಾಡಿ ಮತ್ತೆ ಕೂಡಿಸಬೇಕು. ಕೂದಲೆಳೆಯಷ್ಟು ಸೊಟ್ಟವಾದರೂ ಎಂಜಿನ್ ತಿರುವಿನಲ್ಲಿ ಹಳಿ ತಪ್ಪುತ್ತದೆ. ಕಿಟ್ ಮಾಡುವವನು ಇಲ್ಲೊಂದು ತೀರ್ಮಾನಕ್ಕೆ ಬರಬೇಕು: ಕೊಳ್ಳುವವನ ಕೈಯಲ್ಲಿ ಈ ಕತ್ತರಿಕೆ ಮಾಡಿಸಬೇಕೇ, ಅಥವಾ ಸಮ ಅಂತರದ ಆಕ್ಸಲ್ ಇರುವ, ಉದ್ದ ಹೊಂದುವ ಬೇರೆ ಷಾಸಿಗೆ ಒಪ್ಪಿ, ಹೊರಗೆ ಟ್ರೈಮೌಂಟಿನ ಮುಖವಾಡ ಅಂಟಿಸಬೇಕೇ? ಮೊದಲನೆಯದು ಸತ್ಯಕ್ಕೆ ಹತ್ತಿರ. ಎರಡನೆಯದು ಮುಗಿಯುವ ಕೆಲಸ.

ಮೈಯ ಅಳತೆ ಸಿಗುವುದು ಎಲ್ಲಿಂದ? ನಕ್ಷೆ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಛಾಯಾಚಿತ್ರ. ಎಂಜಿನ್ನಿಗೆ ನೇರ ಎದುರಾಗಿ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಗೊತ್ತಿರುವ ಒಂದು ಅಳತೆ ಹಿಡಿದು ಉಳಿದುದನ್ನು ಲೆಕ್ಕ ಹಾಕುತ್ತಾರೆ. ಹೊಸಬರು ಗಾಲಿಯನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ, ಏಕೆಂದರೆ ಡಬ್ಲ್ಯುಡಿಎಂ-2ರ ಗಾಲಿ 1,092 ಮಿ.ಮೀ. ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಹೊಸ ಗಾಲಿಯ ಲೆಕ್ಕ. ಓಡಿ ಸವೆದು, ಕಡೆಸಿಕೊಂಡ ಗಾಲಿ ಅಷ್ಟಿರುವುದಿಲ್ಲ. ಅದನ್ನು ನಂಬಿದರೆ ಮೈಯೆಲ್ಲ ದೊಡ್ಡದಾಗಿ ಬರುತ್ತದೆ. ಅನುಭವಿಗಳು ಎರಡು ಬೋಗಿಗಳ ನಡುವಿನ ದೂರವನ್ನೇ ಹಿಡಿಯುತ್ತಾರೆ. ಉಕ್ಕಿನ ಚೌಕಟ್ಟು ಸವೆಯುವುದಿಲ್ಲ. ಚಿತ್ರಕ್ಕಾಗಿ ಹಳಿಗಿಳಿಯುವ ಹುಚ್ಚು ಮಾತ್ರ ಬೇಡ. ಅಪ್ಪಣೆಯಿಲ್ಲದೆ ಹಳಿ ಹೊಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ನಿಂತ ಎಂಜಿನ್ನನ್ನೇ ಸುತ್ತಿ ನೋಡಬೇಕೆಂದರೆ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಮೊದಮೊದಲ ಡಬ್ಲ್ಯುಡಿಎಂ-2 ಉಳಿಸಿಟ್ಟಿದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. ‘ಡಬ್ಲ್ಯುಡಿಎಂ-2’ ಎಂದೊಡನೆ ಒಂದೇ ರೂಪ ಕಣ್ಮುಂದೆ ಬರುತ್ತದೆ, ನಿಜದಲ್ಲಿ ಹತ್ತಾರು. ಮೂತಿ ತಗ್ಗಿಸಿ ಅಗಲ ಗಾಜು ಹಾಕಿದ ‘ಜಂಬೊ’ ಬೇರೆ, ಎತ್ತರ ಮೂತಿಯದು ಬೇರೆ. ಒಂದೇ ಎಂಜಿನ್ನಿಗೆ ದುರಸ್ತಿಯ ಶೆಡ್ಡಿನಲ್ಲಿ ಹೊಸ ದೀಪ, ಹೊಸ ಬಣ್ಣ, ಹೊಸ ಜಾಲರಿ ಬಂದಿರುತ್ತದೆ. ಹಾಗಾಗಿ ಒಳ್ಳೆಯ ಕಿಟ್ ಒಂದು ನಂಬರಿನ ಎಂಜಿನ್ನನ್ನು, ಒಂದು ನಿರ್ದಿಷ್ಟ ವರ್ಷದಲ್ಲಿ ಅದು ಇದ್ದಂತೆ ತೋರಿಸುತ್ತದೆ. ‘ಎಲ್ಲದಕ್ಕೂ ಆಗುತ್ತೆ’ ಎಂದು ಹೇಳುವ ಕಿಟ್ ಯಾವುದಕ್ಕೂ ಆಗುವುದಿಲ್ಲ.

ಅಳತೆ ಸಿದ್ಧವಾದ ಮೇಲೆ ಮೈ ಮಾಡುವ ಕೆಲಸ. ಈಗ ಹೆಚ್ಚಿನವರು ಕಂಪ್ಯೂಟರಿನಲ್ಲಿ ಮೂರು ಆಯಾಮದ ನಕ್ಷೆ ಬಿಡಿಸಿ, ರೆಸಿನ್ ಪ್ರಿಂಟರಿನಲ್ಲಿ ಮುದ್ರಿಸುತ್ತಾರೆ. ದ್ರವರೂಪದ ರೆಸಿನ್ ಬೆಳಕು ಬಿದ್ದಲ್ಲಿ ಪದರ ಪದರವಾಗಿ ಗಟ್ಟಿಯಾಗುತ್ತದೆ. ಒಂದು ಪದರ ಸಾಮಾನ್ಯವಾಗಿ 0.05 ಮಿ.ಮೀ. ಬಾಗಿಲಿನ ತಿರುಗಣಿ, ಬೋಲ್ಟಿನ ತಲೆ ಎಲ್ಲ ಮೂಡುತ್ತವೆ. ಆದರೆ ಎಂಜಿನ್ನಿನ ಮೈ ಉದ್ದನೆಯ, ತೆಳ್ಳನೆಯ, ಕೆಳಗೆ ತೆರೆದ ಪೆಟ್ಟಿಗೆ. ಪೂರ್ತಿ ಒಣಗಿ ಗಟ್ಟಿಯಾಗುವ ಮೊದಲೇ ಹಳದೀಪುರದ ಏಪ್ರಿಲ್ ಬಿಸಿಲಿಗೆ ಸಿಕ್ಕಿತೋ, ಚಾಪೆಯ ಮೇಲಿನ ಹಪ್ಪಳದಂತೆ ಅಂಚೆತ್ತಿ ಸೊಟ್ಟಗಾಗುತ್ತದೆ. ಒಳಗೆ ಅಡ್ಡಪಟ್ಟಿ ಕೊಟ್ಟು ಮುದ್ರಿಸಿ, ಷಾಸಿಗೆ ಕೂರಿಸುವ ದಿನ ಅವುಗಳನ್ನು ಕತ್ತರಿಸಿ ತೆಗೆಯುವುದು ಇದಕ್ಕೆ ಮದ್ದು.

ಹತ್ತಿಪ್ಪತ್ತು ಕಿಟ್ ಬೇಕಾದಾಗ ಹಳೆಯ ದಾರಿಯೇ ವಾಸಿ. ಒಂದು ಮೂಲಪ್ರತಿಯನ್ನು ಉಜ್ಜಿ ನುಣುಪು ಮಾಡಿ, ಅದರ ಸುತ್ತ ಸಿಲಿಕೋನ್ ರಬ್ಬರು ಹೊಯ್ದು ಅಚ್ಚು ತೆಗೆದು, ಆ ಅಚ್ಚಿಗೆ ಪಾಲಿಯುರಿಥೇನ್ ರೆಸಿನ್ ಎರಕ ಹೊಯ್ಯುವುದು. ಎರಡು ದ್ರವ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿ. ಅದರ ಶತ್ರು ನೀರು. ಗಾಳಿಯಲ್ಲಿನ ತೇವ ಹೀರಿಕೊಂಡ ರೆಸಿನ್ ಎರಕದೊಳಗೆ ನೊರೆಯೇಳುತ್ತದೆ. ಅಚ್ಚು ಬಿಚ್ಚಿದರೆ ಎಂಜಿನ್ನಿನ ಪಕ್ಕೆಯೆಲ್ಲ ತೂತು. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಎರಕದ ಕೆಲಸ ನಡೆಯದು. ಮಳೆಗಾಲದಲ್ಲಿ ನಕ್ಷೆ ಬಿಡಿಸಿ, ದೀಪಾವಳಿ ಕಳೆದ ಮೇಲೆ ಎರಕ ಹೊಯ್ಯುವುದೇ ಇಲ್ಲಿಗೆ ಹೊಂದುವ ಪಂಚಾಂಗ.

ರೆಸಿನ್ನಿಗೆ ಒಗ್ಗದ್ದು ತೆಳು ಭಾಗಗಳು. ಎಂಜಿನ್ನಿನ ಪಕ್ಕದ ಹಿಡಿಗಂಬಿ ನಿಜದಲ್ಲಿ 32 ಮಿ.ಮೀ. ದಪ್ಪ ಎಂದಿಟ್ಟುಕೊಂಡರೆ ಮಾದರಿಯಲ್ಲಿ 0.37 ಮಿ.ಮೀ. ರೆಸಿನ್ನಿನಲ್ಲಿ ಮಾಡಿದರೆ ಮುಟ್ಟಿದೊಡನೆ ಮುರಿಯುತ್ತದೆ. ಅದಕ್ಕೆ ಹಿತ್ತಾಳೆ ತಂತಿ. ಫ್ಯಾನಿನ ಜಾಲರಿ, ಮೆಟ್ಟಿಲು, ವೈಪರು ಮೊದಲಾದವಕ್ಕೆ 0.2, 0.3 ಮಿ.ಮೀ. ಹಿತ್ತಾಳೆ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಬೇಡದ ಭಾಗವನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸುತ್ತಾರೆ. ಮಡಚಬೇಕಾದ ಗೆರೆಯಲ್ಲಿ ತಗಡನ್ನು ಒಂದು ಬದಿಯಿಂದ ಮಾತ್ರ ಅರ್ಧ ಕರಗಿಸಿಟ್ಟರೆ ಕೊಂಡವನು ಉಗುರಿನಲ್ಲೇ ಮಡಚಬಹುದು. ಕಿಟ್ ಮಾಡುವವನ ಬುದ್ಧಿ ಕಾಣುವುದು ಇಂಥಲ್ಲಿ.

ಕೊನೆಯದು ಅಕ್ಷರ. ಎಂಜಿನ್ನಿನ ಮೈಮೇಲೆ ಶೆಡ್ಡಿನ ಹೆಸರು ಇಂಗ್ಲಿಷು, ಹಿಂದಿಯ ಜೊತೆಗೆ ಆ ಊರಿನ ಭಾಷೆಯಲ್ಲೂ ಇರುತ್ತದೆ. ಅದನ್ನು ತೆಳು ಹಾಳೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುತ್ತಾರೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಎಂಜಿನ್ನಿನ ಮೇಲಿನ ಬರಹ ಹೆಚ್ಚಿನದು ಬಿಳಿ ಇಲ್ಲವೇ ಹಳದಿ. ಹಾಗಾಗಿ ಹೊರಗೆ ಮಾಡಿಸಬೇಕು. ರೋಮನ್ ಅಕ್ಷರ ಒಂದೂವರೆ ಮಿಲಿಮೀಟರಿಗಿಳಿದರೂ ಓದಿಸಿಕೊಳ್ಳುತ್ತದೆ. ಕನ್ನಡದ ಗತಿ ಬೇರೆ. ‘ಹುಬ್ಬಳ್ಳಿ’ ಎಂಬ ಮೂರಕ್ಷರದಲ್ಲಿ ಎರಡು ಒತ್ತು, ‘ಕೃಷ್ಣರಾಜಪುರ’ದಲ್ಲಿ ವಟ್ರಸುಳಿ, ಅದರ ಪಕ್ಕದಲ್ಲೇ ಒತ್ತು. ಒತ್ತಕ್ಷರ ಮುಖ್ಯಾಕ್ಷರದ ಅರ್ಧಕ್ಕಿಂತ ಚಿಕ್ಕದು. ಆ ಅಳತೆಯಲ್ಲಿ ಶಾಯಿ ತುಂಬಿ ಚುಕ್ಕೆಯಾಗಿಬಿಡುತ್ತದೆ. ಕಂಪ್ಯೂಟರಿನ ಫಾಂಟನ್ನು ಹಾಗೇ ಕುಗ್ಗಿಸಿದರೆ ಆಗದು. ಒತ್ತಿನ ಒಳಗಿನ ಬಿಳುಪನ್ನು ಹಿಗ್ಗಿಸಿ, ಗೆರೆ ತೆಳುಮಾಡಿ, ಒಂದೊಂದು ಅಕ್ಷರವನ್ನೂ ಕೈಯಲ್ಲಿ ಬಿಡಿಸಬೇಕು. ಹೊರದೇಶದ ಯಾವ ಕಾರ್ಖಾನೆಯೂ ನಮಗಾಗಿ ಮಾಡಿಕೊಡದ ಕೆಲಸ ಇದು.

ಕುಮಟಾ, ಹೊನ್ನಾವರ, ಸಿರ್ಸಿ, ಸಾಗರದ ಕಡೆ ಗುಡಿಗಾರರ ಕೈಚಳಕ ಕಂಡವರಿಗೆ ಇಷ್ಟು ಸಣ್ಣ ಕೆತ್ತನೆ ಬೆರಗಲ್ಲ. ಶ್ರೀಗಂಧದ ತುಂಡಿನಲ್ಲಿ ಅವರು ತೆಗೆಯುವ ಬಳ್ಳಿಯ ಸುಳಿ ಇದಕ್ಕಿಂತ ಸೂಕ್ಷ್ಮ. ಆದರೆ ಗುಡಿಗಾರರ ಕೆಲಸ ಅವರ ಕೈಯಲ್ಲೇ ಮುಗಿಯುತ್ತದೆ. ಕಿಟ್ ಮಾಡುವವನ ಕೆಲಸ ಮುಗಿಯುವುದು ಎಲ್ಲೋ ಇರುವ ಅಪರಿಚಿತನ ಮೇಜಿನ ಮೇಲೆ. ತನಗೆ ಸಲೀಸಾದದ್ದು ಅವನಿಗೂ ಸಲೀಸಾಗುವಂತೆ ಭಾಗಗಳನ್ನು ಒಡೆಯಬೇಕು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಅಂಟು, ಎಲ್ಲಿ ಬೆಸುಗೆ ಎಂದು ಬರೆದು ಕೊಡಬೇಕು. ಈ ಹವ್ಯಾಸದಲ್ಲಿ ನಾನು ಮೊದಲು ನೋಡುವುದು ಮೈಯ ನುಣುಪನ್ನಲ್ಲ, ಆ ಚೀಟಿಯನ್ನು. ಚೀಟಿ ಕೆಟ್ಟದಾಗಿದ್ದರೆ ಎಂಥ ಚಂದದ ಕಿಟ್ಟೂ ಅಟ್ಟ ಸೇರುತ್ತದೆ.

ಖರ್ಚಿನ ಮಾತೂ ಇದೆ. ಷಾಸಿ ಹೊರಗಿನಿಂದ ಬರಬೇಕು, ಮಾದರಿ ರೈಲು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಸಾಲಿನಲ್ಲೇ ಬರುತ್ತದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ದೇಶಿ ಆಟಿಕೆ ಉದ್ಯಮಕ್ಕೆ ಅದರಿಂದ ಬಲ ಬಂದಿರಬಹುದು. ಇಲ್ಲಿ ಸಿಗದ ಷಾಸಿ ತರಿಸುವವನಿಗೆ ಮಾತ್ರ ಅದು ಬರೀ ಬರೆ. ಓಡದೆ ನಿಲ್ಲುವ ಮಾದರಿಯಿಂದ ಆರಂಭಿಸಿ, ಕೈ ಕುದುರಿದ ಮೇಲೆ ಷಾಸಿಗೆ ಹಣ ಹಾಕುವುದು ಒಳಿತು.

ಹವ್ಯಾಸ ಎಷ್ಟು ದೂರ ಹೋಗಬಲ್ಲದು ಎಂದು ಕಣ್ಣಾರೆ ನೋಡಬೇಕೆನ್ನುವವರು ಪುಣೆಗೆ ಹೋಗಬೇಕು. ಅಲ್ಲಿಯ ಭಾವೂ ಜೋಶಿ ಊರಿಂದೂರಿಗೆ ಪ್ರದರ್ಶನ ಒಯ್ಯುತ್ತಿದ್ದ ಪುಟ್ಟ ರೈಲುಗಳಿಗೆ 1998ರ ಏಪ್ರಿಲ್ 1ರಂದು ಖಾಯಂ ನೆಲೆ ಸಿಕ್ಕಿತು. ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಎಂದರೆ ತೋರಿಸುತ್ತಾರೆ.

ನಮ್ಮ ಕಡೆಯ ಓದುಗರಲ್ಲಿ ಒಂದು ಕೋರಿಕೆ. 1998ರ ಆಸುಪಾಸಿನಲ್ಲಿ ಹೊಸ ರೈಲು ನೋಡಲು ಕುಮಟಾ, ಹೊನ್ನಾವರ, ಭಟ್ಕಳ ನಿಲ್ದಾಣಗಳಿಗೆ ಹೋದವರು ಎಂಜಿನ್ನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದಿರಬಹುದು. ಆಲ್ಬಂನಲ್ಲಿ ಅದಿದ್ದರೆ ಬಿಸಾಡಬೇಡಿ. ಹಿಂದೆ ಊರು, ವರ್ಷ ಬರೆದಿಡಿ, ಫೋನಿನಲ್ಲಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ನಂಬರು, ಬಣ್ಣ, ಶೆಡ್ಡಿನ ಹೆಸರು ಸ್ಪಷ್ಟವಾಗಿ ಕಾಣುವ ಒಂದು ಚಿತ್ರವಿದ್ದರೆ ಸಾಕು, ಒಂದು ಕಿಟ್ಟಿನ ಕೆಲಸ ಶುರುವಾಗುತ್ತದೆ.