ಆಡುಸೋಗೆ ಮತ್ತು ಮಾಸದ ಕೆಮ್ಮು
‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಅಪವಾದವೆನಿಸಿದ ಕಹಿ ಗಿಡ ಆಡುಸೋಗೆ. ‘ವಾಸಾ’ ಎಂಬ ಹೆಸರಿನಿಂದ ಆಯುರ್ವೇದವು ಇದನ್ನು ಕಾಸ, ಶ್ವಾಸ, ರಕ್ತಪಿತ್ತಗಳಿಗೆ ಶ್ರೇಷ್ಠ ಔಷಧವೆಂದಿದೆ. ಎಲೆಯಲ್ಲಿರುವ ವಾಸಿಸಿನ್ ಕಫವನ್ನು ಸಡಿಲಿಸುತ್ತದೆ. ಆಧುನಿಕ ಔಷಧ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದೂ ಇದರಿಂದಲೇ. ಸಾಧಾರಣ ಕೆಮ್ಮಿಗೆ ವಯಸ್ಕರು ಬಾಡಿಸಿ ಹಿಂಡಿದ ಎಲೆಯ ರಸ 2 ಚಮಚವನ್ನು ಜೇನಿನೊಡನೆ ದಿನಕ್ಕೆರಡು ಬಾರಿ, 5 ದಿನ ಸೇವಿಸಬಹುದು. ಗರ್ಭಕೋಶವನ್ನು ಸಂಕುಚಿಸುವ ಗುಣವಿರುವುದರಿಂದ ಗರ್ಭಿಣಿಯರಿಗೆ ಇದು ಸಲ್ಲದು.

ಆದರೆ ಇಳಕಲ್ಲ, ಹುನಗುಂದ ಭಾಗದ ಗ್ರಾನೈಟ್ ಗಣಿಗಳಲ್ಲಿ ದುಡಿಯುವವರು ಒಂದು ಮಾತನ್ನು ಮರೆಯಬಾರದು. ಶ್ವಾಸಕೋಶದಲ್ಲಿ ನೆಲೆನಿಂತ ಕಲ್ಲಿನ ಧೂಳನ್ನು ಯಾವ ಸೊಪ್ಪೂ ತೆಗೆಯಲಾರದು. ಆ ಧೂಳು ಕ್ಷಯಕ್ಕೂ ದಾರಿಮಾಡುತ್ತದೆ. ಕೆಮ್ಮು 2 ವಾರ ಮೀರಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಕಫಪರೀಕ್ಷೆ ಮಾಡಿಸಿಕೊಳ್ಳಬೇಕು. ರಸ ಕುಡಿದು ರಕ್ತ ನಿಂತಿತೆಂದ ಮಾತ್ರಕ್ಕೆ ರೋಗ ನಿಂತಿತೆಂದು ತಿಳಿಯಲಾಗದು.