ನೀರೂತ: ಚೀನೀ ವೈದ್ಯದ ಅರಿವು ಮತ್ತು ನಮ್ಮ ಎಚ್ಚರ

ಸಂಜೆಯ ಹೊತ್ತಿಗೆ ಪಾದರಕ್ಷೆ ಬಿಗಿಯಾಗುವುದು, ಬೆಳಗಿನಲ್ಲಿ ಕಣ್ಣರೆಪ್ಪೆ ಬಾತಿರುವುದು, ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಉಳಿಯುವುದು: ಹಿರಿಯರಿರುವ ಮನೆಗಳಲ್ಲಿ ಇವು ಅಪರೂಪವಲ್ಲ. ಕಳೆದ ವರ್ಷ ನಮ್ಮ ಕಾಲುಗಳೂ ಹೀಗೆಯೇ ಊದಿಕೊಂಡವು. ಹಿತೈಷಿಗಳೊಬ್ಬರು ‘ಇದು ಚೀನಾದ ಮೂಲಿಕೆ, ನೀರನ್ನೆಲ್ಲ ಇಳಿಸಿಬಿಡುತ್ತದೆ’ ಎಂದು ಪುಡಿಯ ಪೊಟ್ಟಣವೊಂದನ್ನು ತಂದಿತ್ತರು. ಪೊಟ್ಟಣದ ಮೇಲೆ ಮೂಲಿಕೆಯ ಹೆಸರಿರಲಿಲ್ಲ. ಸೇವಿಸುವ ಮೊದಲು ಆ ವೈದ್ಯಪದ್ಧತಿಯನ್ನು ಅರಿಯೋಣವೆಂದು ಓದತೊಡಗಿದೆವು. ಕಂಡುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಚೀನೀಯರು ಈ ರೋಗವನ್ನು ‘ಶೂಯಿ ಝೋಂಗ್’ ಎನ್ನುತ್ತಾರೆ. ಶೂಯಿ ಎಂದರೆ ನೀರು, ಝೋಂಗ್ ಎಂದರೆ ಊತ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹ್ವಾಂಗ್ ದಿ ನೇ ಜಿಂಗ್’ ಎಂಬ ಗ್ರಂಥದಲ್ಲಿಯೇ ಇದರ ವಿಚಾರವಿದೆ. ದೇಹದ ನೀರನ್ನು ಮೂರು ಅಂಗಗಳು ಆಳುತ್ತವೆಂಬುದು ಅವರ ತತ್ತ್ವ. ಶ್ವಾಸಕೋಶವು ನೀರಿನ ಮೇಲಣ ಸೆಲೆ. ಅದು ನೀರನ್ನು ಚರ್ಮದತ್ತ ಹರಡಿ ಕೆಳಕ್ಕೂ ಇಳಿಸುತ್ತದೆ. ಪ್ಲೀಹವು ಮಣ್ಣಿನ ತತ್ತ್ವದ್ದು. ಹೊಲದ ಒಡ್ಡಿನಂತೆ ನೀರನ್ನು ಅಂಕೆಯಲ್ಲಿಡುತ್ತದೆ. ಮೂತ್ರಪಿಂಡವು ಇವೆಲ್ಲಕ್ಕೂ ಬೇರು. ಅದರ ಕಾವಿನಿಂದಲೇ ನೀರು ಆವಿಯಾಗಿ ಸಂಚರಿಸುತ್ತದೆ. ಒಡ್ಡು ಸಡಿಲಿದರೆ, ಕಾವು ಕುಂದಿದರೆ ನೀರು ನಿಂತು ಊತವಾಗುತ್ತದೆ. ಇಲ್ಲಿ ಹೇಳಿದ ಅಂಗಗಳು ಇಂದಿನ ಶರೀರಶಾಸ್ತ್ರದ ಅಂಗಗಳೊಂದಿಗೆ ಪೂರ್ಣವಾಗಿ ಹೊಂದುವುದಿಲ್ಲ. ಅವನ್ನು ಕಾರ್ಯಗಳ ಹೆಸರುಗಳೆಂದು ತಿಳಿಯುವುದು ಲೇಸು.

ಹದಿನಾಲ್ಕನೆಯ ಶತಮಾನದ ವೈದ್ಯ ಝೂ ದಾನ್‌ಶಿ (೧೨೮೧–೧೩೫೮) ಊತವನ್ನು ‘ಯಾಂಗ್’ ಮತ್ತು ‘ಯಿನ್’ ಎಂದು ಎರಡಾಗಿ ವಿಂಗಡಿಸಿದನು. ಯಾಂಗ್ ಊತವು ಥಟ್ಟನೆ ಬರುತ್ತದೆ. ಕಣ್ಣು, ಮುಖಗಳಿಂದ ಮೊದಲಾಗುತ್ತದೆ. ಒತ್ತಿದ ಕುಳಿ ಬೇಗ ತುಂಬಿಕೊಳ್ಳುತ್ತದೆ. ಯಿನ್ ಊತವು ಪಾದಗಳಿಂದ ಮೆಲ್ಲನೆ ಏರುತ್ತದೆ. ಕುಳಿ ಬಹಳ ಹೊತ್ತು ಉಳಿಯುತ್ತದೆ. ಕೈಕಾಲು ತಣ್ಣಗಿರುತ್ತವೆ, ಹಸಿವು ಕುಂದುತ್ತದೆ. ನಾಡಿಯನ್ನೂ ನಾಲಗೆಯನ್ನೂ ಪರೀಕ್ಷಿಸಿದ ಮೇಲೆಯೇ ವೈದ್ಯನು ನಿರ್ಣಯ ಮಾಡುತ್ತಾನೆ.

ಚಿಕಿತ್ಸೆಯ ಸೂತ್ರವನ್ನು ಕ್ರಿ.ಶ. ೨೦೦ರ ಸುಮಾರಿಗೆ ಬಾಳಿದ ಝಾಂಗ್ ಝೋಂಗ್‌ಜಿಂಗ್ ಸರಳವಾಗಿ ಹೇಳಿದ್ದಾನೆ. ಸೊಂಟದ ಮೇಲಣ ಊತಕ್ಕೆ ಬೆವರು ಬರಿಸಬೇಕು, ಕೆಳಗಣ ಊತಕ್ಕೆ ಮೂತ್ರವನ್ನು ಹೆಚ್ಚಿಸಬೇಕು. ಆತನ ‘ವೂ ಲಿಂಗ್ ಸಾನ್’ ಎಂಬ ಪ್ರಸಿದ್ಧ ಚೂರ್ಣದಲ್ಲಿ ಐದು ದ್ರವ್ಯಗಳಿವೆ: ಎರಡು ಬಗೆಯ ಅಣಬೆ, ನೀರಿನಲ್ಲಿ ಬೆಳೆಯುವ ಗಿಡವೊಂದರ ಗೆಡ್ಡೆ, ಬಾಯ್‌ಝೂ ಎಂಬ ಬೇರು, ದಾಲ್ಚಿನ್ನಿಯ ಎಳೆಗೊಂಬೆ. ಶ್ವಾಸಕೋಶದ ಚಿಕಿತ್ಸೆಯಿಂದ ಮೂತ್ರ ಇಳಿಯುವುದಕ್ಕೆ ಚೀನೀ ವೈದ್ಯರು ಪಾತ್ರೆಯ ಹೋಲಿಕೆ ಕೊಡುತ್ತಾರೆ. ಮುಚ್ಚಳ ಬಿಗಿಯಾದ ಗಿಂಡಿಯಿಂದ ನೀರು ಸುರಿಯದು. ಮುಚ್ಚಳವನ್ನು ತುಸು ಎತ್ತಿದೊಡನೆ ಕೊಕ್ಕಿನಿಂದ ಧಾರೆಯಾಗಿ ಹರಿಯುತ್ತದೆ. ಆಹಾರದಲ್ಲಿ ಬೂದುಗುಂಬಳವೂ ಕೆಂಪು ಕಿರುಗಾಳುಗಳೂ ಅವರಿಗೆ ಹಿತ.

ಇಷ್ಟು ಓದುವಾಗ ಆ ಶಾಸ್ತ್ರದ ಮೇಲೆ ನಮಗೆ ಗೌರವ ಮೂಡಿತು. ಆದರೆ ಮುಂದೆ ಓದಿದ ಸಂಗತಿ ನಮ್ಮನ್ನು ನಡುಗಿಸಿತು. ನೀರೂತಕ್ಕೆ ಬಳಸುವ ‘ಫಾಂಗ್ ಜಿ’ ಎಂಬ ಬೇರು ಚೀನಾದಲ್ಲಿದೆ. ಹೆಸರಿನಲ್ಲಿ ಅದನ್ನೇ ಹೋಲುವ ‘ಗುವಾಂಗ್ ಫಾಂಗ್ ಜಿ’ ಬೇರೆಯೇ ಸಸ್ಯ. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಗುಳಿಗೆಗಳಲ್ಲಿ ಒಂದರ ಬದಲು ಇನ್ನೊಂದು ಸೇರಿತು. ನೂರಕ್ಕೂ ಹೆಚ್ಚು ಜನರ, ಬಹುತೇಕ ಹೆಣ್ಣುಮಕ್ಕಳ, ಮೂತ್ರಪಿಂಡಗಳು ಹಾಳಾದವು. ೧೯೯೩ರಲ್ಲಿ ಇದು ವೈದ್ಯಲೋಕಕ್ಕೆ ತಿಳಿಯಿತು. ಮುಂದೆ ಅವರಲ್ಲಿ ಕೆಲವರಿಗೆ ಮೂತ್ರಮಾರ್ಗದ ಅರ್ಬುದವೂ ಕಾಣಿಸಿಕೊಂಡಿತು. ಮೂತ್ರ ಹೆಚ್ಚಿಸಲೆಂದು ಬಳಸುತ್ತಿದ್ದ ‘ಗುವಾನ್ ಮು ತೋಂಗ್’ ಎಂಬ ಮೂಲಿಕೆಯಲ್ಲಿಯೂ ಇದೇ ವಿಷವಿದ್ದುದರಿಂದ ಚೀನಾ ಸರ್ಕಾರವೇ ೨೦೦೩ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ನಾಡಿನ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಅದೇ ಆಮ್ಲವುಳ್ಳದ್ದು. ‘ಗಿಡಮೂಲಿಕೆ, ಏನೂ ಕೇಡಿಲ್ಲ’ ಎಂಬ ಮಾತು ಎಷ್ಟು ಅಪಾಯಕರವೆಂಬುದನ್ನು ಬಂಧುಗಳು ಗಮನಿಸಬೇಕು.

ನಾವು ಪೊಟ್ಟಣವನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋದೆವು. ಅವರು ಮೂತ್ರ, ರಕ್ತ, ಹೃದಯಗಳನ್ನು ಪರೀಕ್ಷಿಸಿ, ರಕ್ತದೊತ್ತಡಕ್ಕೆ ನಾವು ಸೇವಿಸುತ್ತಿದ್ದ ಮಾತ್ರೆಯೇ ಕಾರಣವೆಂದು ತಿಳಿಸಿ ಅದನ್ನು ಬದಲಿಸಿದರು. ಕೆಲವು ವಾರಗಳಲ್ಲಿ ಊತ ಇಳಿಯಿತು. (ಮಾತ್ರೆಯನ್ನು ತಾವಾಗಿಯೇ ಯಾರೂ ನಿಲ್ಲಿಸಬಾರದು.) ನಮ್ಮಲ್ಲಿ ಕಾರಣ ಸಣ್ಣದಿತ್ತು, ಇನ್ನೊಬ್ಬರಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳ ರೋಗವಿರಬಹುದು. ಊತವು ಲಕ್ಷಣ ಮಾತ್ರ. ಬೇರು ಬೇರೆಡೆ ಇರುತ್ತದೆ. ಈ ಮಾತಿನಲ್ಲಿ ಪುರಾತನ ಚೀನೀ ವೈದ್ಯನೂ ಇಂದಿನ ವೈದ್ಯನೂ ಒಂದೇ.

ಊತದೊಡನೆ ಉಸಿರು ಕಟ್ಟಿದರೆ, ಒಂದೇ ಕಾಲು ನೋವಿನೊಡನೆ ಥಟ್ಟನೆ ಬಾತರೆ, ಗರ್ಭಿಣಿಯ ಮುಖ ಮತ್ತು ಕೈಗಳು ಊದಿ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರದಲ್ಲಿ ನೊರೆ ಹೆಚ್ಚಿದ್ದರೆ ಬೇಗನೆ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಊತದಲ್ಲಿಯೂ ಉಪ್ಪು, ಉಪ್ಪಿನಕಾಯಿ, ಹಪ್ಪಳಗಳು ಮಿತವಾಗಿರಲಿ. ಚೀನೀ ಅಥವಾ ಆಯುರ್ವೇದ ಔಷಧಿ ಬೇಕೆನಿಸಿದರೆ ಅರಿತ ವೈದ್ಯನಿಂದಲೇ ಪಡೆಯಿರಿ. ಪ್ರತಿಯೊಂದು ದ್ರವ್ಯದ ಹೆಸರನ್ನೂ ಕೇಳಿ ತಿಳಿಯಿರಿ. ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳನ್ನು ಅವರಿಗೆ ತೋರಿಸಿರಿ.

ಇಂದು ರಾತ್ರಿ ಮನೆಯ ಹಿರಿಯರ ಕಾಲುಗಳನ್ನು ಒಮ್ಮೆ ಮುಟ್ಟಿ ನೋಡಿರಿ. ನಮಸ್ಕಾರವೂ ಆದೀತು, ಪರೀಕ್ಷೆಯೂ ಆದೀತು.